ಎರಡು ಕಾಯಕಗಳ ಋಣ

ಕಾಯಕವೆಂಬುದು ಕೇವಲ ಹೊಟ್ಟೆಯ ಪಾಡಿಗಾಗಿ ಮಾಡುವ ದುಡಿಮೆಯಲ್ಲ, ಅದು ಸಮಾಜಕ್ಕೂ ಶಿವನಿಗೂ ಸಲ್ಲುವ ಅರ್ಪಣೆ ಎಂಬ ಮಾತು ಭಕ್ತ ಗೃಹಸ್ಥರಿಗೆ ಹೊಸದಲ್ಲ. ಆದರೆ ಒಬ್ಬನೇ ಮನುಷ್ಯನು ಎರಡು ಕಾಯಕಗಳಿಗೆ ತನ್ನನ್ನು ಕೊಟ್ಟುಕೊಂಡಾಗ ಏನಾಗುತ್ತದೆ? ಎರಡೂ ಯೋಗ್ಯವಾದುವೇ; ಎರಡೂ ಅವನಿಂದ ಪೂರ್ಣವಾದ ಮನಸ್ಸನ್ನೇ ಬೇಡುತ್ತವೆ. ಅಂಥ ಸಂದರ್ಭದಲ್ಲಿ ಒಂದರಲ್ಲಿ ಉಳಿದ ಋಣವನ್ನು ಇನ್ನೊಂದರಲ್ಲಿ ಗಳಿಸಿದ ಪುಣ್ಯದಿಂದ ತೀರಿಸಲು ಬರುತ್ತದೆಯೇ? ಈ ಪ್ರಶ್ನೆ ತರ್ಕದ ವಿನೋದಕ್ಕಾಗಿ ಹುಟ್ಟಿದ್ದಲ್ಲ. ಬ್ಯಾಂಕಿನ ಮೇಜಿನ ಮುಂದೆ ಕುಳಿತು ಸಾಲ-ಠೇವಣಿಗಳ ಲೆಕ್ಕವನ್ನು ನೋಡುವವನು ವರ್ಷದಲ್ಲಿ ಕೆಲವು ವಾರ ದೇಶದ ಸೈನ್ಯದ ಸಮವಸ್ತ್ರವನ್ನು ಧರಿಸುವುದಕ್ಕೆ ಭಾರತದ ಶಾಸನವೇ ದಾರಿ ಮಾಡಿಕೊಟ್ಟಿದೆ. ಆ ದಾರಿಯನ್ನು ಹಿಡಿಯಬೇಕೆಂದು ಮಗನು ಬಂದು ಕೇಳಿದಾಗ ತಂದೆಯು, ಗಂಡನು ಕೇಳಿದಾಗ ಹೆಂಡತಿಯು ಏನೆಂದು ಉತ್ತರ ಕೊಡಬೇಕೆಂಬುದು ನಿಜವಾದ ಗೃಹಸ್ಥರ ನಿಜವಾದ ಚಿಂತೆ.

ಟೆರಿಟೋರಿಯಲ್ ಆರ್ಮಿ, ಅಂದರೆ ಪ್ರಾದೇಶಿಕ ಸೇನೆ, 1948ರ ಕಾಯಿದೆಯಿಂದ ರೂಪುಗೊಂಡು, 1949ರ ಅಕ್ಟೋಬರ್ 9ರಂದು ಆಗಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರಿಯವರಿಂದ ವಿಧ್ಯುಕ್ತವಾಗಿ ಉದ್ಘಾಟಿತವಾಯಿತು. 1962, 1965, 1971ರ ಯುದ್ಧಗಳಲ್ಲಿ ಅದರ ದಳಗಳು ಸೇವೆ ಸಲ್ಲಿಸಿದವು. ಇತರ ಉದ್ಯೋಗಗಳಿಗಿಂತ ಇದು ಬೇರೆಯಾದುದು ಒಂದು ವಿಚಿತ್ರವಾದ ನಿಬಂಧನೆಯಿಂದ. ಇದು ಜೀವನೋಪಾಯವಲ್ಲ, ಪೂರ್ಣಕಾಲದ ವೃತ್ತಿಯೂ ಅಲ್ಲ ಎಂದು ಸೇನೆಯೇ ಸಾರಿ ಹೇಳುತ್ತದೆ. ನಾಗರಿಕರ ಪೈಕಿ ಅಧಿಕಾರಿಯಾಗಲು ಬಯಸುವವನು 18ರಿಂದ 42ರ ವಯಸ್ಸಿನವನೂ ಪದವೀಧರನೂ ಆಗಿರಬೇಕು; ಅಷ್ಟು ಸಾಲದು, ಅವನಿಗೆ ಆಗಲೇ ಒಂದು ಉದ್ಯೋಗವೋ ಸ್ವಂತ ಕಸುಬೋ ಇದ್ದು ಅದರಿಂದ ಅವನು ಗಳಿಸುತ್ತಿರಬೇಕು. ಕಾಯಕವಿಲ್ಲದವನಿಗೆ ಇಲ್ಲಿ ಪ್ರವೇಶವಿಲ್ಲವೆಂದಾಯಿತು. ಲಿಖಿತ ಪರೀಕ್ಷೆ, ಸಂದರ್ಶನ, ಆಯ್ಕೆ ಮಂಡಲಿ, ವೈದ್ಯರ ತಪಾಸಣೆ ಇವೆಲ್ಲವನ್ನೂ ದಾಟಿ ಆಯ್ಕೆಯಾದವನಿಗೆ ಮೊದಲ ವರ್ಷ ಒಂದು ತಿಂಗಳ ಪ್ರಾರಂಭಿಕ ತರಬೇತಿ, ಪ್ರತಿವರ್ಷವೂ ಎರಡು ತಿಂಗಳ ಶಿಬಿರ, ಮೊದಲ ಎರಡು ವರ್ಷಗಳೊಳಗೆ ಮೂರು ತಿಂಗಳ ಇನ್ನೊಂದು ಶಿಕ್ಷಣ. ಶಿಬಿರದ ದಿನಗಳಿಗೆ ಸೇನೆಯು ಅವನ ದರ್ಜೆಗೆ ತಕ್ಕ ವೇತನವನ್ನು ಕೊಡುತ್ತದೆ. ಉಳಿದ ದಿನಗಳಿಗೆ ಅವನು ತನ್ನ ಮೊದಲ ಕಾಯಕವನ್ನೇ ನಂಬಿರಬೇಕು. ಬೆಂಗಳೂರಿನಲ್ಲಿಯೇ ಇದರ ಒಂದು ಪ್ಯಾರಾಚೂಟ್ ದಳವಿದೆ. ಕ್ರಿಕೆಟ್ ಆಟಗಾರ ಮಹೇಂದ್ರ ಸಿಂಗ್ ಧೋನಿಯವರು 2011ರಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿಯನ್ನು ಪಡೆದು, 2019ರಲ್ಲಿ ಕಾಶ್ಮೀರದಲ್ಲಿ ಎರಡು ವಾರ ಸೇವೆ ಮಾಡಿದ್ದು ಈ ದಳದೊಡನೆಯೇ. ಆ ಸುದ್ದಿಯಿಂದ ಈ ಸೇನೆಯ ಹೆಸರು ಮನೆಮನೆಗೂ ತಿಳಿಯಿತಾದರೂ, ಗೌರವ ಪದವಿಯ ದಾರಿ ಬೇರೆ, ತಿಂಗಳ ಸಂಬಳದ ಗುಮಾಸ್ತನು ಹಿಡಿಯುವ ದಾರಿ ಬೇರೆ.

ಹಣಕಾಸಿನ ಉದ್ಯೋಗವಂತೂ ಸ್ವಭಾವದಿಂದಲೇ ಬಿಡುವನ್ನು ಕೊಡದ ಉದ್ಯೋಗ. ರೈತನಿಗೆ ಬಿತ್ತನೆ-ಸುಗ್ಗಿಗಳ ನಡುವೆ ಕೊಂಚ ಉಸಿರಾಡುವ ಕಾಲವುಂಟು. ಬ್ಯಾಂಕಿನವನಿಗೆ ಮಾರ್ಚ್ 31 ಮುಗಿಯಿತೆಂದರೆ ಲೆಕ್ಕ ಪರಿಶೋಧಕರು ಬಂದು ಕೂರುತ್ತಾರೆ. ಅವರು ಎದ್ದು ಹೋಗುವಷ್ಟರಲ್ಲಿ ಜೂನ್ ತ್ರೈಮಾಸಿಕ, ಬಳಿಕ ಸೆಪ್ಟೆಂಬರ್, ಬಳಿಕ ಡಿಸೆಂಬರ್. ತೆರಿಗೆಯ ಸಲಹೆಗಾರನಿಗೆ ಪ್ರತಿ ತಿಂಗಳಿಗೂ ಒಂದು ಗಡುವು. ಮೇಲಾಗಿ ಈ ಉದ್ಯೋಗದಲ್ಲಿ ದುಡಿಯುವವನು ಕೈಯಾಡಿಸುವುದೆಲ್ಲ ಪರರ ಹಣವನ್ನು. ವಿಧವೆಯ ಠೇವಣಿ, ನಿವೃತ್ತನ ಇಡುಗಂಟು, ಮಗಳ ಮದುವೆಗೆಂದು ಕೂಡಿಟ್ಟ ಉಳಿತಾಯ ಇವುಗಳ ಕಾವಲು ಅವನದು. ಗಡಿಯನ್ನು ಕಾಯುವವನಂತೆ ಅವನೂ ಒಬ್ಬ ಕಾವಲುಗಾರನೇ ಎಂದರೆ ಉತ್ಪ್ರೇಕ್ಷೆಯಾಗದು.

ಎರಡನ್ನೂ ತೂಗಿಸಿಕೊಂಡು ಹೋಗುವುದು ಹೇಗೆಂದು ಕೇಳಿದರೆ ಲೋಕವು ಸಾಮಾನ್ಯವಾಗಿ ಕೊಡುವ ಉತ್ತರ ಒಂದೇ: ಕಾಲವನ್ನು ಶಿಸ್ತಿನಿಂದ ಹಂಚಿಕೊಳ್ಳಬೇಕು. ಬೆಳಗಿನ ಜಾವ ಎದ್ದು ವ್ಯಾಯಾಮ, ರಾತ್ರಿ ಅಧ್ಯಯನ, ರಜೆಗಳನ್ನೆಲ್ಲ ಶಿಬಿರಕ್ಕಾಗಿ ಕೂಡಿಡುವುದು. ಈ ಉಪದೇಶವು ತಪ್ಪಲ್ಲ. ಆದರೆ ಇದು ಪ್ರಶ್ನೆಯ ತೊಗಟೆಯನ್ನು ಮಾತ್ರ ಮುಟ್ಟುತ್ತದೆ. ಏಕೆಂದರೆ ಇಡೀ ಉತ್ತರವು ಒಂದು ಭಾವನೆಯ ಮೇಲೆ ನಿಂತಿದೆ. ಹಂಚುವ ಕಾಲವು ತನ್ನ ಸ್ವಂತದ್ದು ಎಂಬುದೇ ಆ ಭಾವನೆ. ಗೃಹಸ್ಥನ ಕಾಲವು ನಿಜವಾಗಿಯೂ ಅವನೊಬ್ಬನದೇ?

ಒಂದು ಉದಾಹರಣೆಯನ್ನು ನೋಡಬಹುದು. ಜಿಲ್ಲಾ ಸ್ಥಳವೊಂದರ ಬ್ಯಾಂಕಿನಲ್ಲಿ ಸಾಲ ವಿಭಾಗದ ಅಧಿಕಾರಿಯೊಬ್ಬನು ಪ್ರಾದೇಶಿಕ ಸೇನೆಯಲ್ಲಿಯೂ ಅಧಿಕಾರಿಯಾಗಿದ್ದಾನೆಂದು ಇಟ್ಟುಕೊಂಡರೆ, ಎರಡು ತಿಂಗಳ ಶಿಬಿರಕ್ಕೆ ಅವನು ಹೊರಟುಹೋದಾಗ ಅವನ ಮೇಜು ಖಾಲಿಯಾಗಿ ಉಳಿಯುವುದಿಲ್ಲ. ಪಕ್ಕದ ಮೇಜಿನವನು ತನ್ನ ಕೆಲಸದ ಮೇಲೆ ಇವನ ಕೆಲಸವನ್ನೂ ಹೊರುತ್ತಾನೆ. ಆ ಸಹೋದ್ಯೋಗಿಗೆ ಸಮವಸ್ತ್ರವಿಲ್ಲ, ವಂದನೆಯಿಲ್ಲ, ಸ್ವಾತಂತ್ರ್ಯ ದಿನದಂದು ಶಾಲೆಯಲ್ಲಿ ಹಾರವನ್ನು ಹಾಕಿಸಿಕೊಳ್ಳುವ ಭಾಗ್ಯವಿಲ್ಲ. ಇದ್ದುದು ರಾತ್ರಿ ಎಂಟರವರೆಗಿನ ದುಡಿಮೆ ಮಾತ್ರ. ಮೇಜಿನ ಆಚೆಗೆ ಇನ್ನೊಬ್ಬನಿದ್ದಾನೆ. ನಾಲ್ಕು ಮಗ್ಗಗಳ ನೇಕಾರನೋ ಸಣ್ಣ ಎಣ್ಣೆ ಗಾಣದ ಒಡೆಯನೋ ಆದ ಅವನ ದುಡಿಯುವ ಬಂಡವಾಳದ ಸಾಲದ ಮಿತಿಯು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಗೊತ್ತಾದ ದಿನದಿಂದ 180 ದಿನಗಳೊಳಗೆ ನವೀಕರಣವಾಗದಿದ್ದರೆ, ಅವನು ಬಡ್ಡಿಯನ್ನು ತಪ್ಪದೆ ಕಟ್ಟಿದ್ದರೂ ಆ ಖಾತೆಯು ಅನುತ್ಪಾದಕವೆಂದು ಎಣಿಕೆಯಾಗುವ ನಿಯಮವನ್ನು ರಿಜರ್ವ್ ಬ್ಯಾಂಕು ಮಾಡಿದೆ. ಅವನ ಕಾಗದಪತ್ರಗಳು ಒಂದು ಕಪಾಟಿನಲ್ಲಿ ಮಲಗಿವೆ. ಕಪಾಟಿನ ಗುಟ್ಟನ್ನು ಬಲ್ಲವನು ಶಿಬಿರದಲ್ಲಿದ್ದಾನೆ. ನೇಕಾರನು ಮೂರು ಸಲ ಬಂದು ಮೂರು ಸಲವೂ ‘ಸಾಹೇಬರು ದೇಶಸೇವೆಗೆ ಹೋಗಿದ್ದಾರೆ’ ಎಂಬ ಉತ್ತರವನ್ನು ಕೇಳಿಕೊಂಡು ಹಿಂದಿರುಗುತ್ತಾನೆ. ಆ ಉತ್ತರದ ಎದುರು ಅವನು ಬಾಯಿ ತೆರೆಯುವಂತೆಯೂ ಇಲ್ಲ. ದೇಶದ ಹೆಸರನ್ನು ಹೇಳಿದ ಮೇಲೆ ಯಾರು ತಾನೇ ಗೊಣಗಿಯಾರು? ಆದರೆ ನೂಲಿನ ವ್ಯಾಪಾರಿಯು ಕಾಯುವವನಲ್ಲ.

ಇಲ್ಲಿ ನಡೆದದ್ದೇನು? ಅಧಿಕಾರಿಯು ದಾನ ಮಾಡಿದನು, ನಿಜ. ಆದರೆ ಅದರಲ್ಲಿ ಒಂದು ಪಾಲು ಸಹೋದ್ಯೋಗಿಯ ಸಂಜೆಗಳು, ಇನ್ನೊಂದು ಪಾಲು ನೇಕಾರನ ನೂಲು, ಮತ್ತೊಂದು ಪಾಲು ಜ್ವರ ಬಂದ ಮಗುವನ್ನು ಒಬ್ಬಳೇ ಆಸ್ಪತ್ರೆಗೆ ಎತ್ತಿಕೊಂಡು ಹೋದ ಹೆಂಡತಿಯ ನಿದ್ದೆ. ಕೀರ್ತಿಯು ಮಾತ್ರ ಪೂರ್ತಿಯಾಗಿ ಅವನ ಹೆಸರಿನಲ್ಲಿ ಜಮೆಯಾಯಿತು. ಲೆಕ್ಕ ಬಲ್ಲವನೇ ಇಂಥ ಜಮಾಖರ್ಚನ್ನು ಬರೆದರೆ ಅದನ್ನು ಏನೆಂದು ಕರೆಯಬೇಕು?

ಈ ಪ್ರಶ್ನೆಗೆ ಶರಣಪರಂಪರೆಯಲ್ಲಿ ಒಂದು ಹಳೆಯ ಕಥೆಯು ಬೆಳಕನ್ನು ಕೊಡುತ್ತದೆ. ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾಗಿದ್ದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅವರದೂ ಹಣಕಾಸಿನ ಉದ್ಯೋಗವೇ. ಜೊತೆಗೆ ಮಹಾಮನೆಯ ದಾಸೋಹವೂ ಅನುಭವ ಮಂಟಪದ ಹೊಣೆಯೂ ಅವರ ಮೇಲಿದ್ದುವು. ರಾಜನ ಭಂಡಾರವನ್ನು ಜಂಗಮರಿಗೆ ಸವೆಸುತ್ತಿದ್ದಾರೆಂದು ಕೊಂಡೆಯರು ಬಿಜ್ಜಳನಲ್ಲಿ ದೂರಿದರೆಂದೂ, ಬಿಜ್ಜಳನು ಭಂಡಾರವನ್ನು ಎಣಿಸಿ ನೋಡಿಸಿದಾಗ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಭಕ್ತರು ಇದನ್ನು ಪವಾಡವೆಂದು ಕೇಳಿ ಕೈಮುಗಿಯುತ್ತಾರೆ. ಹಾಗೆ ಕೇಳುವುದರಲ್ಲಿ ದೋಷವೇನೂ ಇಲ್ಲ. ಆದರೆ ಲೆಕ್ಕದ ಪುಸ್ತಕವನ್ನು ಕೈಯಲ್ಲಿ ಹಿಡಿದ ಗೃಹಸ್ಥನಿಗೆ ಈ ಕಥೆಯು ಬೇರೊಂದು ರೀತಿಯಲ್ಲಿಯೂ ಕೇಳಿಸಬೇಕು. ದಾಸೋಹವು ಎಷ್ಟೇ ದೊಡ್ಡದಾಗಿರಲಿ, ಅದಕ್ಕಾಗಿ ಪರರ ಭಂಡಾರದ ಬಾಗಿಲು ತೆರೆಯಲಿಲ್ಲ. ಯಾವ ಗಳಿಗೆಯಲ್ಲಿ ಬಂದು ಎಣಿಸಿದರೂ ಪರರದು ಪರರಿಗೆ ಸರಿಯಾಗಿ ಸಿಕ್ಕುವಂತಿತ್ತು. ಎರಡು ಹೊಣೆಗಳನ್ನು ಹೊತ್ತವನಿಗೆ ಇದಕ್ಕಿಂತ ಖಚಿತವಾದ ಪರೀಕ್ಷೆ ಇನ್ನೊಂದಿಲ್ಲ.

ಹಾಗಾದರೆ ಅಧಿಕಾರಿಯು ಸೇನೆಯ ಆಸೆಯನ್ನು ಬಿಟ್ಟು ಮೇಜಿಗೆ ಅಂಟಿಕೊಂಡಿರಬೇಕೇ? ಹಾಗೂ ಅಲ್ಲ. ಮೇಜಿಗೆ ಅಂಟಿಕೊಂಡವನೇ ಒಳ್ಳೆಯ ಲೆಕ್ಕಿಗನೆಂಬ ನಂಬಿಕೆಯನ್ನು ಹಣಕಾಸಿನ ಲೋಕವೇ ಅಲ್ಲಗಳೆದಿದೆ. ಖಜಾನೆಯ ವ್ಯವಹಾರ, ನಗದಿನ ಭದ್ರಕೋಠಿ ಮೊದಲಾದ ಸೂಕ್ಷ್ಮ ಸ್ಥಾನಗಳಲ್ಲಿರುವವರನ್ನು ವರ್ಷಕ್ಕೊಮ್ಮೆ, ಮುನ್ಸೂಚನೆಯನ್ನೇ ಕೊಡದೆ, ಒಂದೇ ಕಂತಿನಲ್ಲಿ ಕಡಮೆಯೆಂದರೆ 10 ಕೆಲಸದ ದಿನ ರಜೆಯ ಮೇಲೆ ಕಳುಹಿಸಬೇಕೆಂದು 2021ರ ಜುಲೈಯಲ್ಲಿ ರಿಜರ್ವ್ ಬ್ಯಾಂಕಿನ ಸುತ್ತೋಲೆಯು ವಿಧಿಸಿತು. ಆ ದಿನಗಳಲ್ಲಿ ಬೇರೊಬ್ಬನು ಅವನ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡಬೇಕು. ಮುಚ್ಚಿಟ್ಟದ್ದೇನಾದರೂ ಇದ್ದರೆ ಆಗ ಹೊರಬೀಳುತ್ತದೆ. ಫ್ರಾನ್ಸಿನ ಸೊಸಿಯೆತೆ ಜೆನೆರಾಲ್ ಬ್ಯಾಂಕಿಗೆ 2008ರಲ್ಲಿ 490 ಕೋಟಿ ಯೂರೋ ನಷ್ಟವನ್ನು ತಂದ ವ್ಯವಹಾರಸ್ಥನು ರಜೆಯನ್ನು ತೆಗೆದುಕೊಳ್ಳಲು ಹಿಂಜರಿಯುತ್ತಿದ್ದುದು ಆಮೇಲೆ ಬೆಳಕಿಗೆ ಬಂದಿತು. ಎಲ್ಲರಿಗಿಂತ ಹೆಚ್ಚು ದುಡಿಯುವವನಂತೆ ಕಂಡವನು ಅವನೇ. ತಾನಿಲ್ಲದೆ ಏನೂ ನಡೆಯದು ಎಂಬ ಮಾತನ್ನು ಶರಣರು ಅಹಂಕಾರವೆಂದರು. ಬ್ಯಾಂಕಿನ ನಿಯಮವು ಅದನ್ನು ಅಪಾಯವೆಂದು ಕರೆಯಿತು. ಎರಡೂ ಒಂದನ್ನೇ ತೋರಿಸುತ್ತವೆಂಬುದು ಕುತೂಹಲದ ಸಂಗತಿ.

ಸೈನ್ಯದಲ್ಲಿಯೂ ಹೀಗೆಯೇ. ದಳಪತಿಯು ಬಿದ್ದರೆ ಮುಂದಿನವನು ಆ ಕ್ಷಣದಲ್ಲಿಯೇ ಮುಂದಾಳಾಗಬೇಕು. ಅವನಿಗೆ ಎಲ್ಲವೂ ತಿಳಿದಿರಬೇಕು. ಆದುದರಿಂದ ಎರಡು ಕಾಯಕಗಳನ್ನು ಹೊತ್ತವನು ಮೊದಲು ಕಲಿಯಬೇಕಾದ ವಿದ್ಯೆ ಬೆಳಗಿನ ಜಾವ ಏಳುವುದಲ್ಲ, ತನ್ನ ಕೆಲಸವನ್ನು ಇನ್ನೊಬ್ಬನಿಗೆ ತಿಳಿಯುವಂತೆ ಇಡುವುದು. ನೇಕಾರನ ನವೀಕರಣವನ್ನು ಶಿಬಿರದ ಮುಂಚೆಯೇ ಮುಗಿಸುವುದು. ಮುಗಿಯದಿದ್ದರೆ ಎಲ್ಲಿ ನಿಂತಿದೆಯೆಂದು ಬರೆದಿಡುವುದು. ಸಹೋದ್ಯೋಗಿಯು ತನ್ನ ಊರಿನ ಜಾತ್ರೆಗೋ ತಂಗಿಯ ಮದುವೆಗೋ ಹೊರಟಾಗ ಕೇಳಿಸಿಕೊಳ್ಳದೆಯೇ ಅವನ ಭಾರವನ್ನು ಹೊರುವುದು. ಈ ಕೊನೆಯದು ಬಹಳ ಜನಕ್ಕೆ ಮರೆತುಹೋಗುತ್ತದೆ. ಎರಡು ತಿಂಗಳ ಋಣವನ್ನು ಶಿಬಿರದಿಂದ ತಂದ ಒಂದು ಡಬ್ಬಿ ಮಿಠಾಯಿಯಿಂದ ತೀರಿಸಿದೆನೆಂದು ಭಾವಿಸುವವರೂ ಉಂಟು.

ಸ್ವಿಟ್ಜರ್ಲೆಂಡಿನಲ್ಲಿ ಗಂಡಸರಿಗೆಲ್ಲ ಸೈನ್ಯ ಸೇವೆಯು ಕಡ್ಡಾಯವಾದ್ದರಿಂದ, ಬ್ಯಾಂಕಿನ ದೊಡ್ಡ ಅಧಿಕಾರಿಗಳೇ ಸೇನಾಧಿಕಾರಿಗಳೂ ಆಗಿರುವುದು ಅಲ್ಲಿ ಬಹುಕಾಲ ಸಾಮಾನ್ಯ ಸಂಗತಿಯಾಗಿತ್ತು. ಇಂದು ಒಬ್ಬನು ಹೋದರೆ ನಾಳೆ ಇನ್ನೊಬ್ಬನು ಹೋಗುತ್ತಾನೆ. ಭಾರವು ತಾನಾಗಿಯೇ ಸರಿದೂಗುತ್ತದೆ. ಭಾರತದಲ್ಲಿ ಈ ಸೇವೆಯು ಸ್ವಇಚ್ಛೆಯದು. ಒಂದು ಕಚೇರಿಯಲ್ಲಿ ಹೋಗುವವನು ಒಬ್ಬನಿದ್ದರೆ, ಉಳಿದವರೆಲ್ಲ ಪ್ರತಿವರ್ಷವೂ ಹೊರುವವರೇ. ಸ್ವಇಚ್ಛೆಯ ಸೇವೆಗೆ ಕೀರ್ತಿ ಹೆಚ್ಚು ನಿಜ, ಆದರೆ ಅದರ ಋಣವೂ ಹೆಚ್ಚು.

ಆಯುಧವನ್ನು ಹಿಡಿಯುವುದೇ ದಯೆಗೆ ವಿರುದ್ಧವಲ್ಲವೇ ಎಂದು ಕೇಳುವವರಿದ್ದಾರೆ. ಆ ಚರ್ಚೆ ದೊಡ್ಡದು. ಕಲ್ಯಾಣದ ಕ್ಷೋಭೆಯಲ್ಲಿ ಶರಣರನ್ನೂ ವಚನಗಳ ಕಟ್ಟುಗಳನ್ನೂ ಉಳಿಸಲು ಮಡಿವಾಳ ಮಾಚಿದೇವರು ಹೋರಾಡಿದರೆಂದು ಪರಂಪರೆಯು ಹೇಳುತ್ತದೆಂಬಷ್ಟನ್ನು ನೆನೆದರೆ ಇಲ್ಲಿಗೆ ಸಾಕು. ಈ ವಿಷಯದಲ್ಲಿ ಅದಕ್ಕಿಂತ ಸೂಕ್ಷ್ಮವಾದ ತೊಡಕು ಆಯುಧದಲ್ಲಿಲ್ಲ, ಆಸೆಯಲ್ಲಿದೆ.

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಅರಿಯದ ಮನೆ ಇರಲಾರದು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚಾಗಿ ಆಯ್ದು ತಂದರು. ಲಕ್ಕಮ್ಮನವರು ಆ ಹೆಚ್ಚಿನದನ್ನು ಒಪ್ಪಲಿಲ್ಲ. ತಂದಲ್ಲಿಗೇ ಒಯ್ದು ಸುರಿದು ಬರುವಂತೆ ಹೇಳಿದರು. ಆ ಅಕ್ಕಿಯೇನೂ ಕದ್ದದ್ದಲ್ಲ, ದಾಸೋಹಕ್ಕಾಗಿಯೇ ತಂದದ್ದು. ಆದರೂ ಮಿತಿ ಮೀರಿದ್ದು ಹೆಂಡತಿಯ ಕಣ್ಣಿಗೆ ಬಿದ್ದಿತು, ಗಂಡನ ಕಣ್ಣಿಗೆ ಬೀಳಲಿಲ್ಲ. ಎರಡನೆಯ ಕಾಯಕವನ್ನು ಅರಸಿ ಹೊರಟವನ ಮನಸ್ಸಿನಲ್ಲಿಯೂ ಇಂಥ ಹೆಚ್ಚಿನ ಅಕ್ಕಿಯು ಇರಬಹುದು. ಹೆಸರಿನ ಹಿಂದೆ ಕ್ಯಾಪ್ಟನ್ ಎಂಬ ಬಿರುದು ಸೇರಿದರೆ ಬಡ್ತಿಯ ಸಂದರ್ಶನದಲ್ಲಿ ಅನುಕೂಲವಾದೀತೆಂಬ ಎಣಿಕೆ. ಕಚೇರಿಯಲ್ಲಿ ಮೇಲಿನವರ ಮುಂದೆ ತಲೆ ತಗ್ಗಿಸಿ ಸಾಕಾದವನಿಗೆ ಶಿಬಿರದಲ್ಲಿ ಸಿಗುವ ವಂದನೆಯ ರುಚಿ. ಅಥವಾ ಮಾರ್ಚ್ ತಿಂಗಳ ಜಂಜಾಟದಿಂದ ಪಾರಾಗುವ ಗೌರವದ ನೆಪ. ಇವುಗಳಲ್ಲಿ ಯಾವುದೂ ಅವನನ್ನು ಕೆಟ್ಟವನನ್ನಾಗಿ ಮಾಡುವುದಿಲ್ಲ. ಅಕ್ಕಿಯಲ್ಲಿ ಎಷ್ಟು ಭಾಗ ಹೆಚ್ಚಿನದೆಂದು ಅಳೆಯುವುದು ಮಾತ್ರ ಅವನೊಬ್ಬನಿಂದ ಆಗುವ ಕೆಲಸವಲ್ಲ. ಅಳೆಯಬಲ್ಲವಳು ಮನೆಯಲ್ಲಿದ್ದಾಳೆ, ಅವಳನ್ನು ಕೇಳುವುದು ಬಹುಮಟ್ಟಿಗೆ ಎಲ್ಲವೂ ನಿಶ್ಚಯವಾದ ಬಳಿಕವೇ.

ಕೇಳಬೇಕಾದುದು ಮೊದಲೇ ಏಕೆಂಬುದಕ್ಕೆ ಇನ್ನೊಂದು ಕಾರಣವೂ ಇದೆ. ಈ ಸೇವೆಯು ಅರೆಕಾಲಿಕವೆಂಬ ಮಾತು ಶಾಂತಿಯ ಕಾಲದ ಮಾತು. 2025ರ ಮೇ 6ರಂದು ಕೇಂದ್ರ ಸರ್ಕಾರವು ಪ್ರಾದೇಶಿಕ ಸೇನೆಯ ಅಧಿಕಾರಿಗಳನ್ನೂ ಸೈನಿಕರನ್ನೂ ಅಗತ್ಯಬಿದ್ದಂತೆ ಕರೆಯುವ ಅಧಿಕಾರವನ್ನು ಭೂಸೇನೆಯ ಮುಖ್ಯಸ್ಥರಿಗೆ ಕೊಟ್ಟಿತು. 32 ಕಾಲ್ದಳ ಬೆಟಾಲಿಯನ್ನುಗಳಲ್ಲಿ 14ನ್ನು ಸೇವೆಗೆ ಸೇರಿಸಿಕೊಳ್ಳಲು ಆ ಆಜ್ಞೆಯಲ್ಲಿ ಅವಕಾಶವಿತ್ತು. ಕರೆ ಬಂದ ದಿನ ಅದು ಎರಡು ತಿಂಗಳ ಶಿಬಿರವಲ್ಲ, ತಿಂಗಳುಗಳೂ ಆಗಬಹುದು, ವರ್ಷಗಳೂ ಆಗಬಹುದು, ಹಿಂದಿರುಗದೆಯೂ ಇರಬಹುದು. ಆಗ ಬರುವುದಿಲ್ಲವೆನ್ನುವ ಹಕ್ಕು ಅವನಿಗಿಲ್ಲ, ಕಳುಹಿಸುವುದಿಲ್ಲವೆನ್ನುವ ಹಕ್ಕು ಮನೆಯವರಿಗಿಲ್ಲ. ಕಾಯಿದೆಯು ಅವನ ಉದ್ಯೋಗವನ್ನೇನೋ ರಕ್ಷಿಸುತ್ತದೆ. ಸೇವೆ ಮುಗಿಸಿ ಬಂದವನನ್ನು ಹಿಂದಿನದಕ್ಕಿಂತ ಕೀಳಲ್ಲದ ಷರತ್ತುಗಳ ಮೇಲೆ ಮರಳಿ ತೆಗೆದುಕೊಳ್ಳಬೇಕೆಂದು ಅದು ಮಾಲೀಕನನ್ನು ಕಟ್ಟಿಹಾಕಿದೆ. ಆದರೆ ತಪ್ಪಿಹೋದ ಬಡ್ತಿಗೆ, ಬೇರೆಯವರ ಕೈಗೆ ಹೋದ ಗ್ರಾಹಕರಿಗೆ, ತಂದೆಯನ್ನು ಕಂಡರೆ ಬಾಗಿಲ ಮರೆಗೆ ಓಡುವ ಕೂಸಿಗೆ ಯಾವ ಕಾಯಿದೆಯ ಯಾವ ಕಲಮು ಪರಿಹಾರವನ್ನು ಬರೆದೀತು?

ಇಷ್ಟನ್ನೆಲ್ಲ ಕೇಳಿ, ತೂಗಿ, ಹೆಂಡತಿಯೂ ಒಪ್ಪಿ, ಮುದಿ ತಾಯಿತಂದೆಗಳ ಔಷಧಕ್ಕೆ ಏರ್ಪಾಡಾಗಿ, ಸಹೋದ್ಯೋಗಿಯು ಮನಸಾರೆ ಹೋಗಿ ಬಾ ಎಂದರೆ, ಅಂಥವನ ಸೇವೆಯನ್ನು ಅಲ್ಲಗಳೆಯಲು ಯಾವ ಕಾರಣವೂ ಉಳಿಯದು. ಆಗ ಶಿಬಿರಕ್ಕೆ ಹೋಗುವವನು ಅವನೊಬ್ಬನಲ್ಲ. ಒಂದು ಮನೆ, ಒಂದು ಕಚೇರಿ ತಮ್ಮ ಪಾಲನ್ನು ಅರಿತು ಕೊಟ್ಟಿವೆ. ಹಾಗೆ ಹೋದವನು ಎರಡೂ ಕಡೆಗಳಿಗೆ ಏನನ್ನಾದರೂ ತರುತ್ತಾನೆ. ದಳದ ದಿನಸಿಯ ಲೆಕ್ಕವನ್ನು ಅವನಷ್ಟು ಚೊಕ್ಕಟವಾಗಿ ನೋಡುವವರು ಅಪರೂಪ. ಮಾರುಕಟ್ಟೆಯು ಕುಸಿದ ದಿನ ಕಚೇರಿಯಲ್ಲಿ ಎಲ್ಲರೂ ಗಾಬರಿಯಾದಾಗ, ಗುಡ್ಡದ ಮೇಲೆ ಮಳೆಯಲ್ಲಿ ರಾತ್ರಿ ಕಳೆದವನ ದನಿಯು ಸಾಮಾನ್ಯವಾಗಿ ಏರುವುದಿಲ್ಲ. ಇದು ಸಣ್ಣ ಲಾಭವೇನಲ್ಲ.

ಬ್ಯಾಂಕಿನ ತಿಜೋರಿಗೆ ಎರಡು ಬೀಗದ ಕೈಗಳು, ಇಬ್ಬರ ವಶದಲ್ಲಿ. ರಜೆಯ ಮೇಲೆ ಹೋಗುವವನು ತನ್ನ ಕೈಯನ್ನು ಇನ್ನೊಬ್ಬನಿಗೆ ಒಪ್ಪಿಸಿದಾಗ ಪುಸ್ತಕದಲ್ಲಿ ದಿನ-ವೇಳೆಗಳನ್ನು ಬರೆದು ಇಬ್ಬರೂ ಸಹಿ ಹಾಕುತ್ತಾರೆ. ಸೇನೆಯ ಆಯುಧಾಗಾರದಲ್ಲಿಯೂ ಬಂದೂಕನ್ನು ಪಡೆಯುವಾಗ, ಮರಳಿ ಕೊಡುವಾಗ ಅದರ ಸಂಖ್ಯೆಗೆ ಎದುರಾಗಿ ಸಹಿಯಾಗಬೇಕು. ಮನೆಯಲ್ಲಿ ಅಂಥ ಪುಸ್ತಕವಿಲ್ಲ. ಎರಡು ತಿಂಗಳು ಯಾರು ಏನನ್ನು ಹೊತ್ತರು, ಯಾವ ರಾತ್ರಿ ಯಾರು ಎದ್ದು ಕುಳಿತರು ಎಂಬುದಕ್ಕೆ ಅಲ್ಲಿ ಸಹಿಯಿಲ್ಲ, ಸಾಕ್ಷಿಯಿಲ್ಲ. ಶಿಬಿರದಿಂದ ಮರಳಿದವನು ಬೂಟುಗಳನ್ನು ಕಳಚಿ ಜಗಲಿಯ ಮೇಲೆ ಕುಳಿತಾಗ ಆ ಲೆಕ್ಕವನ್ನು ಅವನೇ ಕೇಳಿ ತಿಳಿಯಬೇಕು. ಅಷ್ಟು ಹೊತ್ತಿಗೆ ಮುಂದಿನ ವರ್ಷದ ಶಿಬಿರದ ಮಾತು ಅವನ ನಾಲಗೆಯ ತುದಿಗೆ ಬಂದಿರುತ್ತದೆ. ಅದನ್ನು ಒಂದೆರಡು ದಿನ ತಡೆದುಕೊಂಡು, ಮೊದಲು ಅವಳ ಮಾತನ್ನು ಕೇಳುವಷ್ಟು ವ್ಯವಧಾನವು ಅವನಿಗೆ ಇದ್ದೀತೇ ಎಂಬುದನ್ನು ಬಾಗಿಲಲ್ಲಿ ನಿಂತ ಅವಳು ನೋಡುತ್ತಿರುತ್ತಾಳೆ.